ಓಪನ್‌ಬ್ಯಾಕ್ ಹೆಡ್‌ಫೋನ್ ಕೊಳ್ಳುವ ಮುನ್ನ ಸದ್ದನ್ನು ಹೋಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೆಡ್‌ಫೋನ್ ವಿಷಯ ಬಂದಾಗ ಪರಿಚಯದವರು ನನ್ನನ್ನು ಮೊದಲು ಕೇಳುವುದು "ಯಾವುದನ್ನು ತೆಗೆದುಕೊಳ್ಳಲಿ?" ಎಂದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟುಕೊಂಡು ಮೋಸಹೋಗದೆ ಕೇಳುವುದು ಹೇಗೆಂದು ಮಾತ್ರ ಹೇಳಬಲ್ಲೆ. ಇಲ್ಲಿರುವ ಪ್ರಶ್ನೆಗಳು ಆ ಮಾತುಕತೆಗಳಲ್ಲಿ ಎದ್ದವು. ಬೆಲೆಗಳನ್ನು ಬರೆದಿಲ್ಲ. ಆಷಾಢಕ್ಕೊಂದು, ದೀಪಾವಳಿಗೊಂದು ಬೆಲೆ ಕಾಣುವ ಸರಕು ಇದು.

ಓಪನ್‌ಬ್ಯಾಕ್ ಎಂದರೆ ಏನು? ಸದ್ದು ಬೇರೆಯಾಗಿ ಕೇಳಿಸುವುದೇಕೆ?

ಹೆಡ್‌ಫೋನಿನೊಳಗೆ ಅದುರುವ ತೆಳು ಪೊರೆ ಕಿವಿಯ ಕಡೆಗೆ ಎಷ್ಟು ಗಾಳಿಯನ್ನು ತಳ್ಳುತ್ತದೆಯೋ ಹಿಂದಕ್ಕೂ ಅಷ್ಟನ್ನೇ ತಳ್ಳುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಆ ಹಿಂದಿನ ಸದ್ದು ಪ್ಲಾಸ್ಟಿಕ್ ಬಟ್ಟಲಿಗೆ ಬಡಿದು ಮರಳಿ ಬರುತ್ತದೆ, ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ನುಂಗುತ್ತದೆ. ಓಪನ್‌ಬ್ಯಾಕ್‌ನಲ್ಲಿ ಬಟ್ಟಲಿನ ಜಾಗದಲ್ಲಿ ಜಾಲರಿ ಇರುವುದರಿಂದ ಹಿಂದಿನ ಸದ್ದು ಹೊರಗೆ ಹೋಗಿಬಿಡುತ್ತದೆ. ಹಾಡು ತಲೆಯೊಳಗೆ ಇಕ್ಕಟ್ಟಾಗಿ ಕೂರದೆ ಸ್ವಲ್ಪ ಹೊರಗೆ ಹರಡಿದಂತೆ ಕೇಳಿಸಲು ಇದೇ ಮುಖ್ಯ ಕಾರಣ. ಇದಕ್ಕೆ ತೆರುವ ಬೆಲೆಯೂ ಇದೆ: ಅತಿ ಕೆಳಗಿನ ಬೇಸ್ ಸಾಮಾನ್ಯವಾಗಿ ತೆಳುವಾಗುತ್ತದೆ.

ಇದು ಹೊಸ ಉಪಾಯವೇನಲ್ಲ. ಜರ್ಮನಿಯ ಸೆನ್ಹೈಸರ್ 1968ರಲ್ಲೇ ಎಚ್‌ಡಿ 414 ಎಂಬ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತ್ತು. ಅದರ ಹಳದಿ ಸ್ಪಂಜಿನ ಪ್ಯಾಡುಗಳನ್ನು ಹಳೆಯ ಫೋಟೋಗಳಲ್ಲಿ ನೀವು ನೋಡಿರಬಹುದು.

ನಮ್ಮ ಮನೆಗೆ ಇದು ಹೊಂದುತ್ತದೆಯೇ?

ಯಾವ ಕಂಪನಿ ಎಂದು ಯೋಚಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಓಪನ್‌ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ ಎನ್ನಬಹುದು. ಒಂದು ಪರೀಕ್ಷೆ ಮಾಡಿ. ನೀವು ಹಾಡು ಕೇಳುವ ಕೋಣೆಯಲ್ಲಿ, ನೀವು ಕೇಳುವ ಹೊತ್ತಿಗೇ, ಹತ್ತು ನಿಮಿಷ ಏನನ್ನೂ ಹಾಕದೆ ಸುಮ್ಮನೆ ಕುಳಿತುಕೊಳ್ಳಿ. ಫ್ಯಾನಿನ ಗರಗರ, ಅಡುಗೆಮನೆಯಿಂದ ಕುಕ್ಕರಿನ ಸೀಟಿ, ಬೀದಿಯಲ್ಲಿ ತರಕಾರಿ ಗಾಡಿಯ ಮೈಕು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು. ಇವೆಲ್ಲ ಹಾಡಿನ ಜೊತೆಯಲ್ಲೇ ಕೇಳಿಸುತ್ತವೆ. ನಾನು ಫ್ಯಾನನ್ನು ಒಂದನೇ ನಂಬರಿಗೆ ಇಳಿಸಿ ಕೇಳುತ್ತೇನೆ. ಏಪ್ರಿಲ್ ತಿಂಗಳಲ್ಲಿ ಅದೂ ಒಂದು ತಪಸ್ಸು.

ಒಳಗಿನ ಸದ್ದೂ ಅಷ್ಟೇ ಧಾರಾಳವಾಗಿ ಹೊರಗೆ ಹೋಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಹಾಡಿನ ಸಾಹಿತ್ಯ ಗೊತ್ತಾಗುತ್ತದೆ. ಬಸ್ಸು, ಮೆಟ್ರೋ, ಕಚೇರಿ ಯಾವುದಕ್ಕೂ ಇದು ಆಗಿಬರುವುದಿಲ್ಲ. ಇದ್ದ ಒಂದೇ ಹೆಡ್‌ಫೋನ್ ಎಲ್ಲದಕ್ಕೂ ಆಗಬೇಕೆಂದರೆ ಇಲ್ಲಿಗೇ ನಿಲ್ಲಿಸಿ, ಮುಚ್ಚಿದ್ದನ್ನೇ ಕೊಳ್ಳಿ.

ಹೋಲಿಸುವಾಗ ಹೆಚ್ಚಿನವರು ಎಲ್ಲಿ ಎಡವುತ್ತಾರೆ?

ವಾಲ್ಯೂಮಿನಲ್ಲಿ. ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಒಂದೆರಡು ಡೆಸಿಬೆಲ್ ಜೋರಾಗಿದ್ದರೆ ಕಿವಿ ಅದನ್ನು "ಜೋರು" ಎಂದು ಹೇಳುವುದಿಲ್ಲ. "ಸ್ಪಷ್ಟ", "ತುಂಬು", "ಜೀವಂತ" ಎಂದು ಹೇಳುತ್ತದೆ. ಸದ್ದು ಏರಿದಂತೆ ಬೇಸ್ (ತಗ್ಗಿನ ಸ್ವರ) ಮತ್ತು ಟ್ರೆಬಲ್ (ಏರು ಸ್ವರ) ನಮಗೆ ಹೆಚ್ಚಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಒಂದೇ ಪ್ಲಗ್ಗಿನಿಂದ ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿ "ಓಹೋ, ಇದು ಬೇರೆಯೇ ಲೋಕ" ಎನ್ನುವವರು ಬಹಳ ಸಲ ಕೇಳಿದ್ದು ಆ ಎರಡು ಡೆಸಿಬೆಲನ್ನೇ.

ನಾನೂ ಹಾಗೆ ಕೈಸುಟ್ಟುಕೊಂಡಿದ್ದೇನೆ. ಒಂದು ಅಂಗಡಿಯಲ್ಲಿ ಮೂರು ಹೆಡ್‌ಫೋನ್ ಕೇಳಿದೆ. ತಲೆಯ ಮೇಲೆ ಎಸಿ ಗುಂಯ್‌ಗುಡುತ್ತಿತ್ತು, ನಾಲ್ಕು ಹೆಜ್ಜೆ ಆಚೆ ಯಾರೋ ಸ್ಪೀಕರ್ ಪರೀಕ್ಷಿಸುತ್ತಿದ್ದರು. ಆ ಗದ್ದಲದಲ್ಲಿ ಮೂರರಲ್ಲಿ ಅತ್ಯಂತ ಚುರುಕಾಗಿದ್ದದ್ದೇ "ವಿವರ" ತೋರಿಸುತ್ತಿದೆ ಅನ್ನಿಸಿತು. ಅದನ್ನೇ ಹಿಡಿದು ಬಂದೆ. ಮನೆಯ ಮೌನದಲ್ಲಿ ಅದೇ ಚುರುಕು ಸೂಜಿಯಾಯಿತು. ನಲವತ್ತು ನಿಮಿಷ ಕೇಳಿದರೆ ಕಿವಿಯ ಹಿಂದೆ ನೋವು. ಆರು ತಿಂಗಳ ನಂತರ ಅರ್ಧ ಬೆಲೆಗೆ ಮಾರಿದೆ. ಅಂಗಡಿಯವರ ತಪ್ಪೇನಿರಲಿಲ್ಲ.

ಹಾಗಾದರೆ ವಾಲ್ಯೂಮನ್ನು ಸರಿಸಮ ಮಾಡುವುದು ಹೇಗೆ?

ದುಬಾರಿ ಉಪಕರಣ ಬೇಡ, ಒಂದು ಹಳೆಯ ಸಿಡಿ ಸಾಕು. ಸಿಡಿಯ ನಡುವಿನ ರಂಧ್ರಕ್ಕೆ ಎರಡನೇ ಮೊಬೈಲಿನ ಮೈಕ್ ಬರುವಂತೆ ಹಿಡಿದು, ಸುತ್ತಲಿನ ಸಂದಿಯನ್ನು ಮಕ್ಕಳು ಆಡುವ ಮೆತ್ತನೆಯ ಬಣ್ಣದ ಮಣ್ಣಿನಿಂದ ಮುಚ್ಚಿ. ಸಿಡಿಯ ಇನ್ನೊಂದು ಬದಿಗೆ ಹೆಡ್‌ಫೋನಿನ ಪ್ಯಾಡನ್ನು ಒತ್ತಿ ಕೂರಿಸಿ. ಸದ್ದು ಅಳೆಯುವ ಯಾವುದಾದರೂ ಆ್ಯಪ್ ತೆರೆದು, ಹೆಡ್‌ಫೋನಿನಲ್ಲಿ 500 ಹರ್ಟ್ಜ್‌ನ ಒಂದೇ ಸ್ವರ ನುಡಿಸಿ. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೇ ಹೆಡ್‌ಫೋನನ್ನು ಅದೇ ರೀತಿ ಕೂರಿಸಿ, ಅದೇ ಅಂಕಿ ಬರುವವರೆಗೆ ವಾಲ್ಯೂಮ್ ಸರಿಪಡಿಸಿ. ಅರ್ಧ ಡೆಸಿಬೆಲ್‌ನೊಳಗೆ ಬಂದರೆ ಸಾಕು. ಆ್ಯಪ್ ತೋರಿಸುವ ಅಂಕಿ ನಿಜವಾದ ಡೆಸಿಬೆಲ್ ಆಗಿರಬೇಕಿಲ್ಲ. ಎರಡೂ ಸಲ ಒಂದೇ ಆಗಿದ್ದರೆ ಆಯಿತು.

500 ಹರ್ಟ್ಜ್ ಏಕೆಂದರೆ ಆ ಭಾಗದಲ್ಲಿ ಹೆಡ್‌ಫೋನ್‌ಗಳ ನಡುವೆ ಭಿನ್ನಾಭಿಪ್ರಾಯ ಕಡಿಮೆ. ಬೇಸ್ ಸ್ವರದಲ್ಲಿ ಸಮ ಮಾಡಿದರೆ ಬೇಸ್ ಹೆಚ್ಚಿರುವ ಹೆಡ್‌ಫೋನಿಗೆ ಅನ್ಯಾಯವಾಗುತ್ತದೆ.

ಅಂಗಡಿಯಲ್ಲಿ ಸಿಡಿ ಹಿಡಿದು ಕೂರಲು ಸಂಕೋಚವಾದರೆ ಗಾಯಕರ ಧ್ವನಿಯನ್ನೇ ಅಳತೆಗೋಲು ಮಾಡಿಕೊಳ್ಳಿ: ಹಾಡುವವರು ಎರಡರಲ್ಲೂ ಅಷ್ಟೇ ದೂರದಲ್ಲಿ ನಿಂತಂತೆ ಕೇಳಿಸುವವರೆಗೆ ವಾಲ್ಯೂಮ್ ತಿರುಗಿಸಿ, ಆ ಸ್ಥಾನವನ್ನು ಗುರುತು ಮಾಡಿಕೊಳ್ಳಿ. ಇದು ಕರಾರುವಾಕ್ಕಲ್ಲ, ಆದರೆ ಏನೂ ಮಾಡದಿರುವುದಕ್ಕಿಂತ ಎಷ್ಟೋ ವಾಸಿ.

ಯಾವ ಹಾಡುಗಳನ್ನು ಹಾಕಿ ಕೇಳಬೇಕು?

ಅಂಗಡಿಯವರು ಹಾಕುವುದನ್ನಂತೂ ಅಲ್ಲ. ಅವರ ಪಟ್ಟಿಯಲ್ಲಿರುವ ಧ್ವನಿಮುದ್ರಣಗಳು ಎಷ್ಟು ಚೆನ್ನಾಗಿರುತ್ತವೆ ಎಂದರೆ ಅವು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿಯೇ ಕೇಳಿಸುತ್ತವೆ. ನೀವು ನೂರು ಸಲ ಕೇಳಿದ, ಉಸಿರೆಳೆಯುವ ಜಾಗವೂ ಗೊತ್ತಿರುವ ಹಾಡುಗಳನ್ನು ಒಯ್ಯಿರಿ. ನಾಲ್ಕೈದು ಸಾಕು. ಪೂರ್ತಿ ಹಾಡು ಬೇಡ, ಪ್ರತಿಯೊಂದರಲ್ಲೂ ಇಪ್ಪತ್ತು ಸೆಕೆಂಡಿನ ತುಣುಕು. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಬಾಳುವುದರಿಂದ ತುಣುಕು ಚಿಕ್ಕದಾಗಿರಬೇಕು, ಹೆಡ್‌ಫೋನ್ ಬದಲಿಸುವುದೂ ಬೇಗ ಆಗಬೇಕು.

ನನ್ನ ಪಟ್ಟಿ ಹೀಗಿದೆ. ಮೊದಲನೆಯದು ಬರೀ ತಂಬೂರಿ. ತಂತಿ ಮೀಟಿದ ಮೇಲೆ ಏಳುವ ಝೇಂಕಾರದಲ್ಲಿ ಕೆಳಗಿನ ಸ್ವರದಿಂದ ಹಿಡಿದು ಮೇಲಿನ ಹತ್ತಾರು ಉಪಸ್ವರಗಳವರೆಗೆ ಎಲ್ಲವೂ ಇರುತ್ತವೆ. ಹೆಡ್‌ಫೋನಿನಲ್ಲಿ ಎಲ್ಲಾದರೂ ಏಣು ಇದ್ದರೆ ಝೇಂಕಾರದ ಒಂದು ಭಾಗ ಮಾತ್ರ ಮುಂದೆ ಬಂದು ಲೋಹದಂತೆ ಕಿಣಿಕಿಣಿ ಎನ್ನುತ್ತದೆ. ಎಲ್ಲಾದರೂ ತಗ್ಗಿದ್ದರೆ ತಂಬೂರಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಇಷ್ಟು ಒಳ್ಳೆಯ ಪರೀಕ್ಷಾ ಸಾಧನ ನಮ್ಮ ಮನೆಗಳಲ್ಲೇ ಇರುವಾಗ ಎಲ್ಲರೂ ಪರದೇಶದ ಗಿಟಾರ್ ಹಾಡಿನ ಬೆನ್ನು ಹತ್ತುವುದು ನನಗೆ ಸೋಜಿಗ.

ಎರಡನೆಯದು ಭಾವಗೀತೆ, ಹೆಚ್ಚು ವಾದ್ಯಗಳಿಲ್ಲದ್ದು. ಇಲ್ಲಿ ಕೇಳಬೇಕಾದದ್ದು ಸ, ಶ, ಷ ಎಂಬ ಮೂರು ಅಕ್ಷರಗಳನ್ನು. ಸಕಾರದ ಶಕ್ತಿ ಬಹುಪಾಲು 5ರಿಂದ 9 ಕಿಲೋಹರ್ಟ್ಜ್ ನಡುವೆ ಇರುತ್ತದೆ, ಶ, ಷಗಳದ್ದು ಅದಕ್ಕಿಂತ ಕೆಳಗೆ. "ಸಂಜೆ" ಎಂಬ ಮಾತಿನ ಸಕಾರ ಹಾವಿನ ಬುಸುಗುಟ್ಟುವಿಕೆಯಂತೆ ಕೇಳಿಸಿದರೆ ಟ್ರೆಬಲ್‌ನಲ್ಲಿ ಏಣು ಇದೆ ಎಂದು ತಿಳಿಯಿರಿ. ಒಳ್ಳೆಯ ಹೆಡ್‌ಫೋನಿನಲ್ಲಿ "ಶೇಷ" ಎಂದಾಗ ತಾಲವ್ಯ ಶಕಾರಕ್ಕೂ ಮೂರ್ಧನ್ಯ ಷಕಾರಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು. ಹಾಡಿದವರು ಆ ವ್ಯತ್ಯಾಸ ತೋರಿಸದೆಯೇ ಹಾಡಿದ್ದರೆ, ಅದು ಬೇರೆ ಮಾತು.

ಮೂರನೆಯದು ಮೃದಂಗದ ತನಿ ಆವರ್ತನ. ಎಡಗೈಯ ಗುಂಕಾರ ಒಂದು ದುಂಡಗಿನ ಸ್ವರವಾಗಿ ಎದ್ದು, ಜಾರಿ, ನಿಲ್ಲಬೇಕು. ಬರೀ "ದಬ್" ಎಂದು ಮುಗಿದರೆ ಕೆಳಗಿನ ಬೇಸ್ ಇಲ್ಲ. ನಿಲ್ಲದೆ ಎಳೆದುಕೊಂಡು ಹೋಗಿ ಮುಂದಿನ ಪೆಟ್ಟಿನ ಮೇಲೆ ಬಿದ್ದರೆ ಬೇಸ್ ಊದಿಕೊಂಡಿದೆ. ನಾಲ್ಕನೆಯದು ಯಕ್ಷಗಾನ: ಚಂಡೆ, ಮದ್ದಳೆ, ಜಾಗಟೆ, ಮೇಲೆ ಭಾಗವತರ ಏರುದನಿ. ಚಂಡೆಯ ಪೆಟ್ಟು ಬೀಳುವಾಗ ಭಾಗವತರ ಮಾತು ಅದರೊಳಗೆ ಮುಳುಗದೆ ಉಳಿಯುತ್ತದೆಯೇ ಎಂದು ನೋಡುತ್ತೇನೆ. ಐದನೆಯದು ಕೆಟ್ಟ ಧ್ವನಿಮುದ್ರಣ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು. ನೀವು ಕೇಳುವ ಹಾಡುಗಳಲ್ಲಿ ಅರ್ಧ ಅಂಥವೇ ಆಗಿದ್ದರೆ, ಅವುಗಳ ಹುಳುಕನ್ನೆಲ್ಲ ಎತ್ತಿ ತೋರಿಸುವ ಹೆಡ್‌ಫೋನ್ ನಿಮಗೆ ಬೇಡ.

ಯೂಟ್ಯೂಬಿನಲ್ಲಿ ಹೆಡ್‌ಫೋನಿನ ಸದ್ದನ್ನೇ ಮುದ್ರಿಸಿ ಹಾಕುತ್ತಾರಲ್ಲ, ಅದನ್ನು ಕೇಳಿ ನಿರ್ಧರಿಸಬಹುದೇ?

ಕೃತಕ ಕಿವಿಯೊಳಗೆ ಮೈಕ್ ಇಟ್ಟು, ಅದರ ಮೇಲೆ ಹೆಡ್‌ಫೋನ್ ಕೂರಿಸಿ, ಹಾಡು ನುಡಿಸಿ ಮುದ್ರಿಸಿದ್ದು ಅದು. ನೀವು ಅದನ್ನು ಕೇಳುವುದು ನಿಮ್ಮ ಹೆಡ್‌ಫೋನಿನಲ್ಲಿ, ನಿಮ್ಮ ಕಿವಿಯಿಂದ. ಅಲ್ಲಿಗೆ ಸದ್ದು ಎರಡು ಹೆಡ್‌ಫೋನ್, ಎರಡು ಕಿವಿ ದಾಟಿ ಬಂತು. ಕನ್ನಡಕದ ಅಂಗಡಿಯ ಫೋಟೋವನ್ನು ಕನ್ನಡಕ ಹಾಕಿಕೊಂಡು ನೋಡಿ ಪವರ್ ಹೇಳಿದ ಹಾಗೆ. "ಈ ಹೆಡ್‌ಫೋನ್ ಹೀಗೆ ಕೇಳಿಸುತ್ತದೆ" ಎಂದು ಅದರಿಂದ ಹೇಳಲಾಗದು.

ಹಾಗೆಂದು ಪೂರ್ತಿ ಕಸವೂ ಅಲ್ಲ. ಒಂದೇ ಕೃತಕ ಕಿವಿಯಲ್ಲಿ, ಒಂದೇ ವಾಲ್ಯೂಮಿನಲ್ಲಿ ಎರಡು ಹೆಡ್‌ಫೋನ್‌ಗಳನ್ನು ಮುದ್ರಿಸಿದ್ದರೆ, ಅವುಗಳ ನಡುವಿನ ವ್ಯತ್ಯಾಸದ ದಿಕ್ಕು ತಿಳಿಯುತ್ತದೆ: ಇದರಲ್ಲಿ ಬೇಸ್ ಹೆಚ್ಚು, ಅದರಲ್ಲಿ ಧ್ವನಿ ಮುಂದಿದೆ, ಇಷ್ಟು. ನೀವು ಕೇಳುವ ಹೆಡ್‌ಫೋನ್ ಎರಡಕ್ಕೂ ಒಂದೇ ಬಣ್ಣ ಬಳಿಯುವುದರಿಂದ ಹೋಲಿಕೆ ಅಷ್ಟರಮಟ್ಟಿಗೆ ನಿಲ್ಲುತ್ತದೆ. ನಿಮ್ಮ ಬಳಿ ಈಗಾಗಲೇ ಇರುವ ಹೆಡ್‌ಫೋನ್ ಅದೇ ವಿಡಿಯೋದಲ್ಲಿದ್ದರೆ ಇನ್ನೂ ಒಳ್ಳೆಯದು. ಅದು ಹೇಗೆ ಕೇಳಿಸುತ್ತದೆಂದು ನಿಮಗೆ ಗೊತ್ತು. ಉಳಿದದ್ದನ್ನು ಅದರಿಂದ ಎಷ್ಟು ದೂರವಿದೆ ಎಂದು ಅಳೆಯಬಹುದು. ಹಾಡು ಎಷ್ಟು ಹರಡಿ ಕೇಳಿಸುತ್ತದೆ, ತಲೆಯ ಮೇಲೆ ಎಷ್ಟು ಹಿತ ಎಂಬುದನ್ನು ಮಾತ್ರ ಯಾವ ವಿಡಿಯೋವೂ ಹೇಳದು.

ಗ್ರಾಫ್ ನೋಡಿ ಕೊಳ್ಳಬಹುದೇ?

ಕೆಳಗಿನಿಂದ ಮೇಲಿನವರೆಗೆ ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂದು ತೋರಿಸುವ ಗೆರೆಯೇ ಈ ಗ್ರಾಫ್. ಅದನ್ನು ಓದಲು ಕಲಿಯಿರಿ, ಆದರೆ ಅದರ ಮುಂದೆ ಸಾಷ್ಟಾಂಗ ಬೀಳಬೇಡಿ. ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಒಂದೇ ಉಪಕರಣದಲ್ಲಿ, ಒಬ್ಬರೇ ಅಳೆದ ಗ್ರಾಫ್‌ಗಳನ್ನು ಮಾತ್ರ ಪಕ್ಕಪಕ್ಕ ಇಡಿ. ಗ್ರಾಸ್ ಕಂಪನಿಯ ಉಪಕರಣದಲ್ಲಿ ಅಳೆದದ್ದನ್ನು ಬ್ರೂಯಲ್ ಅಂಡ್ ಕ್ಯಾರ್ ಕಂಪನಿಯ 5128 ಎಂಬ ಉಪಕರಣದಲ್ಲಿ ಅಳೆದದ್ದರ ಜೊತೆ ಹೋಲಿಸಿದರೆ ಸೇರಿನಲ್ಲಿ ಅಳೆದದ್ದನ್ನು ಲೀಟರಿನಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ. 3 ಕಿಲೋಹರ್ಟ್ಜ್ ಬಳಿ ದೊಡ್ಡ ಗುಡ್ಡ ಕಂಡರೆ ಗಾಬರಿ ಬೇಡ. ಅದು ಕಿವಿಯ ನಾಳದ ಸಹಜ ಅನುರಣನೆ, ಅಲ್ಲಿ ಗುಡ್ಡ ಇರಲೇಬೇಕು. 8-10 ಕಿಲೋಹರ್ಟ್ಜ್ ದಾಟಿದ ಮೇಲೆ ಪ್ಯಾಡ್ ಕೂರಿಸಿದ ರೀತಿ, ಕಿವಿಯ ಆಕಾರ ಎಲ್ಲ ಸೇರಿ ಗೆರೆಯನ್ನು ಕುಣಿಸುತ್ತವೆ. ಆ ಭಾಗವನ್ನು ನಾನು ನಂಬುವುದಿಲ್ಲ.

ಹರ್ಮನ್ ಗೆರೆ ಎಂಬ ಹೆಸರು ಕೇಳಿರುತ್ತೀರಿ. ಹರ್ಮನ್ ಎಂಬ ಆಡಿಯೋ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಅವರ ಜೊತೆಗಾರರು 2012ರ ಸುಮಾರಿನಿಂದ ಕೇಳುಗರಿಗೆ ಬೇರೆ ಬೇರೆ ಸದ್ದು ಕೇಳಿಸಿ, ಹೆಚ್ಚಿನವರು ಮೆಚ್ಚಿದ್ದರ ಸರಾಸರಿಯಾಗಿ ಎಳೆದ ಗೆರೆ ಅದು. ಸರಾಸರಿ ಎಂಬುದನ್ನು ಮರೆಯಬೇಡಿ. ಸರಾಸರಿ ಅಳತೆಯ ಚಪ್ಪಲಿ ಬಹಳ ಜನರಿಗೆ ಹೊಂದಬಹುದು, ನಿಮ್ಮ ಹೆಬ್ಬೆರಳಿಗೆ ಕಚ್ಚಲೂಬಹುದು.

ಉದಾಹರಣೆಗೆ ಮೂರು ಹೆಡ್‌ಫೋನ್ ಹೋಲಿಸಿ ತೋರಿಸಬಹುದೇ?

ಓಪನ್‌ಬ್ಯಾಕ್ ಹುಡುಕುವವರ ಪಟ್ಟಿಯಲ್ಲಿ ಪದೇ ಪದೇ ಬರುವ ಮೂರನ್ನು ತೆಗೆದುಕೊಳ್ಳೋಣ.

ಸೆನ್ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ, ಇನ್ನೂ ಮಾರಾಟದಲ್ಲಿದೆ. ಅದರ ಹಿರಿಮೆ ಮನುಷ್ಯ ಧ್ವನಿ. ಹಾಡುವವರು ಎದುರಿಗೆ ಕುಳಿತಷ್ಟು ಸಹಜವಾಗಿ ಕೇಳಿಸುತ್ತಾರೆ. ಅತಿ ಕೆಳಗಿನ ಬೇಸ್ ತೆಳು, ಹರವು ಕಿರಿದು. ಹೊಸದಿದ್ದಾಗ ಪಕ್ಕಡ ಹಿಡಿದಂತೆ ತಲೆಯನ್ನು ಹಿಡಿಯುತ್ತದೆ. ತಂತಿ, ಪ್ಯಾಡು ಎಲ್ಲವನ್ನೂ ಬಿಚ್ಚಿ ಬದಲಿಸಬಹುದು ಎನ್ನುವುದು ಅದರ ದೊಡ್ಡ ಗುಣ. 2003ರಲ್ಲಿ ಬಂದ ಎಚ್‌ಡಿ 650 ಇದರ ತಮ್ಮ, ಸ್ವಲ್ಪ ಬೆಚ್ಚಗಿನ ಸ್ವಭಾವ.

ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಮೆತ್ತನೆಯ ಮಖಮಲ್ ಪ್ಯಾಡಿನದು, ಗಂಟೆಗಟ್ಟಲೆ ಹಾಕಿದರೂ ಹಿತ. ಬೇಸ್ ಎದ್ದಿರುತ್ತದೆ, 8 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಟ್ರೆಬಲ್ ಇನ್ನೂ ಹೆಚ್ಚು ಎದ್ದಿರುತ್ತದೆ. ಸ, ಶ, ಷ ಪರೀಕ್ಷೆಯಲ್ಲಿ ನಪಾಸಾಗುವುದು ಇಲ್ಲಿಯೇ. ಆಟ ಆಡುವವರಿಗೆ, ಸಂಗೀತವನ್ನು ಸಣ್ಣ ವಾಲ್ಯೂಮಿನಲ್ಲಿ ಕೇಳುವವರಿಗೆ ಆ ಚುರುಕು ಇಷ್ಟವಾಗುತ್ತದೆ.

ಹೈಫೈಮ್ಯಾನ್ ಸುಂದರ ಎನ್ನುವುದು ಪ್ಲೇನಾರ್ ಜಾತಿಯದು. ಅದರಲ್ಲಿ ಪೊರೆಯ ಉದ್ದಗಲಕ್ಕೂ ವಿದ್ಯುತ್ ಹರಿಯುವ ಗೆರೆಗಳಿದ್ದು, ಅಯಸ್ಕಾಂತಗಳ ನಡುವೆ ಇಡೀ ಪೊರೆ ಒಟ್ಟಿಗೆ ಅದುರುತ್ತದೆ. ಬೇಸ್ ಉಬ್ಬದೆ ಕೆಳಗಿನವರೆಗೂ ಇಳಿಯುತ್ತದೆ. ಮೃದಂಗದ ಗುಂಕಾರ ಈ ಮೂರರಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದರಲ್ಲಿ. ಧ್ವನಿ ಮಾತ್ರ ಎಚ್‌ಡಿ 600ಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ.

ನಾನು ದಿನವೂ ಹಾಡುಗಾರಿಕೆ ಕೇಳುವವನು, ಹಾಗಾಗಿ ನನ್ನ ಮೇಜಿನ ಮೇಲಿರುವುದು ಮೊದಲನೆಯದು. ನೀವು ವಾದ್ಯಗೋಷ್ಠಿ ಕೇಳುವವರಾದರೆ ಲೆಕ್ಕ ಬದಲಾಗಬಹುದು.

ಆಂಪ್ (ಹೆಡ್‌ಫೋನಿಗೆ ಬಲ ಕೊಡುವ ಪೆಟ್ಟಿಗೆ) ಬೇಕೇ? 300 ಓಮ್ ಎಂದರೆ ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲವಂತೆ?

ಓಮ್ ಎಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಅದೊಂದನ್ನೇ ನೋಡಿ ಹೆದರುವುದು ತಪ್ಪು. ಲೆಕ್ಕ ಮಾಡೋಣ. ಎಚ್‌ಡಿ 650 300 ಓಮಿನದು, 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಎಂದು ಕಂಪನಿ ಹೇಳುತ್ತದೆ. ಈಗ 32 ಓಮಿನ ಒಂದು ಪ್ಲೇನಾರ್, 1 ಮಿಲಿವ್ಯಾಟಿಗೆ 91 ಡೆಸಿಬೆಲ್ ಎಂದು ಬರೆದಿದೆ ಅಂದುಕೊಳ್ಳಿ. ಅದಕ್ಕೂ 1 ವೋಲ್ಟ್ ಕೊಟ್ಟರೆ ಸುಮಾರು 31 ಮಿಲಿವ್ಯಾಟ್ ಆಗುತ್ತದೆ, ಅಂದರೆ 15 ಡೆಸಿಬೆಲ್ ಹೆಚ್ಚು, ಒಟ್ಟು 106. ಅಂದರೆ 32 ಮತ್ತು 300 ಓಮ್‌ಗಳ ನಡುವೆ ಜೋರಿನಲ್ಲಿ ಇರುವ ಅಂತರ ಮೂರೇ ಡೆಸಿಬೆಲ್. ಆದರೆ ಪ್ಲೇನಾರ್ ಅದಕ್ಕಾಗಿ ಒಂಬತ್ತು ಪಟ್ಟು ವಿದ್ಯುತ್ ಪ್ರವಾಹ ಎಳೆಯುತ್ತದೆ. ಒಂದು ಕಂಪನಿ ವೋಲ್ಟಿನ ಲೆಕ್ಕದಲ್ಲಿ, ಇನ್ನೊಂದು ಮಿಲಿವ್ಯಾಟಿನ ಲೆಕ್ಕದಲ್ಲಿ ಬರೆಯುತ್ತದೆ, ಗೊಂದಲವೆಲ್ಲ ಅಲ್ಲೇ ಹುಟ್ಟುವುದು.

ಮೊಬೈಲಿಗೆ ಸಿಕ್ಕಿಸುವ, 1 ವೋಲ್ಟ್ ಕೊಡುವ ಸಣ್ಣ ಡಾಂಗಲ್ ಸಾಮಾನ್ಯ ವಾಲ್ಯೂಮಿಗೆ ಬಹಳ ಹೆಡ್‌ಫೋನ್‌ಗಳಿಗೆ ಸಾಕಾಗುತ್ತದೆ. ಮೆಲ್ಲಗೆ ಮುದ್ರಿಸಿದ ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಶಕ್ತಿ ಬೇಕಾಗಬಹುದು. ಹೋಲಿಸುವಾಗ ಎರಡನ್ನೂ ಒಂದೇ ಆಂಪಿಗೆ ಸಿಕ್ಕಿಸಿ. ನಿಮ್ಮ ಮನೆಯಲ್ಲಿ ಇರುವುದಕ್ಕೇ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಡಿಟಿ 990 ಹೆಸರಿನಲ್ಲಿ 32, 250, 600 ಓಮ್‌ಗಳ ಮಾದರಿಗಳು ಬಂದಿವೆ, ಡಬ್ಬದ ಮೇಲೆ ನೋಡಿಕೊಂಡು ಕೊಳ್ಳಿ.

ನೂರು ಗಂಟೆ ನುಡಿಸಿ ಪಳಗಿಸಬೇಕಂತೆ?

ಪಳಗುವುದು ಪ್ಯಾಡು ಮತ್ತು ನಿಮ್ಮ ಕಿವಿ. ಪ್ಯಾಡು ಮೆತ್ತಗಾಗಿ ಡ್ರೈವರ್ (ಸದ್ದು ಹುಟ್ಟಿಸುವ ಭಾಗ) ಕಿವಿಗೆ ಹತ್ತಿರ ಬಂದರೆ ಸದ್ದು ನಿಜವಾಗಿಯೂ ಬದಲಾಗುತ್ತದೆ. ಮೊದಲ ದಿನ ಇಷ್ಟವಾಗದ್ದು ನೂರು ಗಂಟೆಯ ಮೇಲೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ವಾಪಸು ಕೊಡುವ ಅವಧಿ ಎಷ್ಟು ದಿನ ಎಂದು ಅವರನ್ನು ಕೇಳಿ.

ನಮ್ಮೂರಿನಲ್ಲಿ ಕೇಳಿ ನೋಡುವ ಅಂಗಡಿಯೇ ಇಲ್ಲ. ಏನು ಮಾಡಲಿ?

ಇದು ಬಹುಪಾಲು ಓದುಗರ ಕಥೆ. ಬೆಂಗಳೂರಿನಲ್ಲಿದ್ದರೂ ಎಸ್‌ಪಿ ರಸ್ತೆಯ ಅಂಗಡಿಯಲ್ಲಿ ಡಬ್ಬ ಒಡೆದು ಕೇಳಿಸಿ ಎಂದರೆ ಮುಖ ನೋಡುತ್ತಾರೆ.

ಒಂದು ದಾರಿ ಇದೆ. ನಿಮ್ಮಲ್ಲಿ ಈಗಿರುವ ಹೆಡ್‌ಫೋನಿನ ಗ್ರಾಫ್ ಮತ್ತು ಕೊಳ್ಳಬೇಕೆಂದಿರುವ ಹೆಡ್‌ಫೋನಿನ ಗ್ರಾಫ್ ಒಂದೇ ಕಡೆ ಅಳೆದವು ಸಿಕ್ಕರೆ, ಅವುಗಳ ವ್ಯತ್ಯಾಸವನ್ನು ಈಕ್ವಲೈಸರ್‌ನಲ್ಲಿ (ಬೇಸ್, ಟ್ರೆಬಲ್‌ಗಳನ್ನು ಬೇಕಾದಷ್ಟು ಏರಿಳಿಸುವ ಆ್ಯಪ್) ಹಾಕಿ ಹೊಸದರ ಸದ್ದಿನ ಅಂದಾಜನ್ನು ಹಳೆಯದರಲ್ಲೇ ಕೇಳಬಹುದು. ಆಟೋಇಕ್ಯು ಎಂಬ ಉಚಿತ ಯೋಜನೆ ಸಾವಿರಾರು ಹೆಡ್‌ಫೋನ್‌ಗಳ ಅಳತೆಗಳನ್ನು ಸೇರಿಸಿಟ್ಟಿದೆ. ಆ ವ್ಯತ್ಯಾಸವನ್ನು ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್ಲೆಟ್ ಬಳಸಿ ಹಾಕಿಕೊಳ್ಳಬಹುದು. ಹರ್ಮನ್‌ನವರೂ ತಮ್ಮ ಕೆಲವು ಪರೀಕ್ಷೆಗಳಲ್ಲಿ ಇದೇ ಉಪಾಯ ಮಾಡಿದ್ದರು: ಒಂದೇ ಹೆಡ್‌ಫೋನಿನಲ್ಲಿ ಹಲವು ಹೆಡ್‌ಫೋನ್‌ಗಳ ಸದ್ದನ್ನು ಅನುಕರಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸುವುದು. ಮುಟ್ಟಿದ ಕೂಡಲೇ ಗುರುತು ಸಿಗುವ ವಸ್ತುವನ್ನು ಕಣ್ಣುಕಟ್ಟಿ ಹೋಲಿಸಲು ಬೇರೆ ದಾರಿ ಕಷ್ಟ. ಹರವು, ಹಿತ ಇದರಲ್ಲಿ ತಿಳಿಯುವುದಿಲ್ಲ. "ಇಷ್ಟು ಟ್ರೆಬಲ್ ನನಗೆ ತಡೆಯಲಾಗದು" ಎಂಬುದಂತೂ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ನನ್ನ ಹಳೆಯ ತಪ್ಪನ್ನು ಇದೊಂದೇ ತಪ್ಪಿಸುತ್ತಿತ್ತು.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ವಾಪಸಾತಿಯ ಷರತ್ತನ್ನು ಓದಿ. "ಬದಲಿ ಮಾತ್ರ" ಎಂದಿದ್ದರೆ ಹಾಳಾದದ್ದಕ್ಕೆ ಹೊಸದು ಕೊಡುತ್ತಾರೆ, ಸದ್ದು ಹಿಡಿಸಲಿಲ್ಲವೆಂದರೆ ಹಣ ಬರುವುದಿಲ್ಲ.

ಕನ್ನಡಕ ಹಾಕುತ್ತೇನೆ. ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. ಕಡ್ಡಿಯ ಸಂದಿಯಿಂದ ಬೇಸ್ ಸೋರುತ್ತದೆ, ಪ್ಲೇನಾರ್‌ಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ ಕೇಳಿ. ಅಲ್ಲಿನ ಪ್ರದರ್ಶನದ ಹೆಡ್‌ಫೋನಿಗೆ ನೂರು ಜನರ ತಲೆ ತಗುಲಿ ಪ್ಯಾಡು ಚಪ್ಪಟೆಯಾಗಿರುತ್ತದೆ ಎಂಬುದೂ ನೆನಪಿರಲಿ. ಡಬ್ಬದಿಂದ ತೆಗೆದ ಹೊಸದು ಅದರಂತೆಯೇ ಕೇಳಿಸದು.

ಮನೆಯಲ್ಲಿ ಹಾಡಿ ಮುದ್ರಿಸಲು ಓಪನ್‌ಬ್ಯಾಕ್ ಬಳಸಬಹುದೇ?

ಹಾಡುವಾಗ ಬೇಡ, ಹೊರಸೋರುವ ಶ್ರುತಿ ಮೈಕಿಗೆ ಬೀಳುತ್ತದೆ. ಮುದ್ರಿಸಿದ್ದನ್ನು ಆಮೇಲೆ ಕುಳಿತು ತಿದ್ದುವಾಗ ಇದಕ್ಕಿಂತ ಒಳ್ಳೆಯದಿಲ್ಲ.

ಎಷ್ಟು ಜೋರಾಗಿ ಕೇಳಬಹುದು?

ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಓಪನ್‌ಬ್ಯಾಕ್‌ನಲ್ಲಿ ಅಪಾಯ ಬರುವುದು ಹೊರಗಿನ ಗದ್ದಲವನ್ನು ಮುಚ್ಚಲು ವಾಲ್ಯೂಮ್ ಏರಿಸಿದಾಗ. ಬೀದಿಯಲ್ಲಿ ಗಣೇಶನ ಮೆರವಣಿಗೆ ಹೋಗುತ್ತಿದ್ದರೆ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದು ನೋಡಿ.

ಕೊನೆಗೆ ಎರಡು ಉಳಿದಿವೆ, ಎರಡೂ ಚೆನ್ನಾಗಿವೆ. ಹೇಗೆ ಆರಿಸಲಿ?

ಇಪ್ಪತ್ತು ಸೆಕೆಂಡಿನ ತುಣುಕುಗಳನ್ನು ಬಿಡಿ, ಅವುಗಳ ಕೆಲಸ ಮುಗಿಯಿತು. ಒಂದನ್ನು ಹಾಕಿಕೊಂಡು ಒಂದು ಗಂಟೆಯ ಕಛೇರಿಯನ್ನು ಪೂರ್ತಿ ಕೇಳಿ. ಮರುದಿನ ಅದೇ ಹೊತ್ತಿಗೆ, ಅದೇ ವಾಲ್ಯೂಮಿನಲ್ಲಿ ಇನ್ನೊಂದನ್ನು ಹಾಕಿಕೊಂಡು ಅದೇ ಕಛೇರಿ ಕೇಳಿ. ಎಷ್ಟು ಸಲ ಹೆಡ್‌ಫೋನನ್ನು ಸರಿಪಡಿಸಿಕೊಂಡಿರಿ, ಎಷ್ಟು ಸಲ ವಾಲ್ಯೂಮ್ ಮುಟ್ಟಿದಿರಿ ಎಂದು ಒಂದು ಚೀಟಿಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಗೆರೆ ಕಡಿಮೆ ಇರುವುದನ್ನು ಇಟ್ಟುಕೊಳ್ಳಿ. ಹೋದ ವರ್ಷ ಗೆಳೆಯರೊಬ್ಬರ ಚೀಟಿಯಲ್ಲಿ ಒಂದರ ಕೆಳಗೆ ಹದಿನಾಲ್ಕು ಗೆರೆ ಇದ್ದವು. ಇನ್ನೊಂದರ ಕೆಳಗೆ ಮೂರು. ಅಷ್ಟಾದ ಮೇಲೆ ಗೆರೆ ಎಳೆಯುವುದನ್ನೇ ಮರೆತು ಕೇಳುತ್ತಾ ಕುಳಿತಿದ್ದರಂತೆ.